ಬೆಚ್ಚನ ಪಡಸಾಲಿಯ ಹೆಸರು ಬಿದ್ದ ವಾರ

ನಮ್ಮೂರಿನಲ್ಲಿ ಮನೆಗೆ ಹೆಸರಿಲ್ಲದಿದ್ದರೆ ಕಾಲು ಅಲ್ಲಿಗೆ ಹೋಗುವುದಿಲ್ಲ. ಹೆಸರನ್ನು ಮನಸ್ಸಿನಲ್ಲಿ ಅಂದುಕೊಂಡು ಹೊರಟರೆ ಎರಡು ಓಣಿ ದಾಟುವಷ್ಟರಲ್ಲಿ ಆ ಬಾಗಿಲ ಮುಂದೆ ನಿಂತಿರುತ್ತೇವೆ. ಹೆಸರು ಹೋದ ಮನೆಯಾದರೆ ಗೋಡೆಗೆ ಗೋಡೆ ಹತ್ತಿದ ನೆರೆಯವರೂ ಮೂರು ಸುತ್ತು ಸುತ್ತಿ ಮತ್ತೆ ಬಾವಿಕಟ್ಟೆಗೇ ಬರುತ್ತಾರೆ. ಹೊರಗಿನಿಂದ ಬಂದವರು ಇದನ್ನು ಕಂಡು ಬಾಯಿ ಬಿಡುತ್ತಾರೆ. ನಮಗೆ ಅವರ ಊರುಗಳಲ್ಲಿ ಮೂಲೆ ಮೂಲೆಗೂ ನೆಟ್ಟಿರುವ ಬೋರ್ಡು ಕಂಡರೆ ನಗು ಬರುತ್ತದೆ.

ಊರಿನ ಮನೆಗಳ ಹೆಸರೆಲ್ಲ ಇರುವುದು ಒಂದೇ ಪುಸ್ತಕದಲ್ಲಿ, ಆ ಪುಸ್ತಕ ಇರುವುದು ದಫ್ತರದಲ್ಲಿ. ದಫ್ತರ ಜನರ ಜೊತೆ ಮಾತಾಡುವುದಿಲ್ಲ. ಅದಕ್ಕೊಂದು ಕಿಟಕಿ ಇದೆ. ಅಲ್ಲಿ ಬಾಯಿ ತೆಗೆಯುವ ಹಕ್ಕು ಹೆಸರಂಗಡಿಯವರಿಗೆ ಮಾತ್ರ. ಜನ ಅಂಗಡಿಗೆ ಬರುತ್ತಾರೆ, ಇಂಥ ಹೆಸರು ಬೇಕು ಅನ್ನುತ್ತಾರೆ, ನಾವು ಕಿಟಕಿಗೆ ಹೋಗಿ ಅದು ಖಾಲಿ ಇದೆಯೋ ಇಲ್ಲವೋ ಕೇಳಿ ಬರೆಸುತ್ತೇವೆ. ವರ್ಷಕ್ಕೊಮ್ಮೆ ಮತ್ತೆ ಹೋಗಿ ಅದನ್ನು ಮುಂದುವರಿಸುವುದೂ ನಮ್ಮ ಕೆಲಸವೇ. ಇಂಥ ಅಂಗಡಿ ಮೊದಲು ಏಳಿದ್ದವು. ಏಳರಲ್ಲಿ ಅತಿ ಸಣ್ಣದು ನನ್ನದು, ದಾನವ್ವನ ಅಂಗಡಿ. ಒಬ್ಬರು ಗಿರಾಕಿಗೆ ಕ್ಯಾಲೆಂಡರ್ ಕೊಡುತ್ತಿದ್ದರು, ಒಬ್ಬರು ಚಹಾ ಕೊಡುತ್ತಿದ್ದರು. ನಾನು ಹರಟೆ ಕೊಡುತ್ತಿದ್ದೆ. ಹಾಗೂ ನಡೆಯುತ್ತಿತ್ತು.

ಈ ಕಸುಬಿಗೆ ಎರಡೇ ಕಟ್ಟಳೆ. ಒಬ್ಬರಿಗೆ ಒಂದೇ ಅಂಗಡಿ. ಇನ್ನೊಂದು, ಅಂಗಡಿಯವರಿಗೂ ದಫ್ತರದವರಿಗೂ ಯಾವ ಪಾಲೂ ಇರಬಾರದು, ಒಬ್ಬರ ಮನೆಯ ಹೊಸಿಲನ್ನು ಇನ್ನೊಬ್ಬರು ತುಳಿಯಲೂಬಾರದು. ಯಾರು ಯಾವ ಹೆಸರು ಕೇಳಿದರು, ಯಾವುದರ ಅವಧಿ ಮುಗಿಯುತ್ತ ಬಂದಿದೆ ಅನ್ನುವುದೆಲ್ಲ ದಫ್ತರದ ಕಿವಿಗೆ ಬಿದ್ದಿರುತ್ತದೆ. ಆ ಕಿವಿಗೆ ಒಂದು ಅಂಗಡಿಯೂ ಇದ್ದುಬಿಟ್ಟರೆ ಉಳಿದವರು ಬಾಗಿಲು ಹಾಕಿಕೊಂಡು ಮಲಗಬಹುದು. ಕಟ್ಟಳೆ ಸರಿಯಾಗಿಯೇ ಇದೆ. ಆದರೆ ನನ್ನ ತಂಗಿ ಶಂಕ್ರವ್ವನನ್ನು ದಫ್ತರದ ಮನೆಗೆ ಕೊಟ್ಟುಬಿಟ್ಟರು. ವರ ಈರಸಂಗಪ್ಪ ಬಂಗಾರದಂಥ ಮನುಷ್ಯ, ಈಗ ಪುಸ್ತಕ ಬರೆಯುವವನು ಅವನೇ. ಅಪ್ಪ ಸಂಬಂಧ ಬಿಡಲು ಒಪ್ಪಲಿಲ್ಲ, ಅಂಗಡಿ ಬಿಡಲೂ ಒಪ್ಪಲಿಲ್ಲ. ತಂಗಿ ಅತ್ತ ಹೋದಳು, ಅಂಗಡಿ ನನಗೆ ಬಂತು. ಇಪ್ಪತ್ತನಾಲ್ಕು ವರ್ಷದಿಂದ ನಾನು ಅವಳ ಅಡುಗೆಮನೆ ನೋಡಿಲ್ಲ.

ಹಾಗಂತ ನಾವು ಭೇಟಿಯಾಗುವುದಿಲ್ಲ ಎಂದಲ್ಲ. ಮೂರನೆಯವರೊಬ್ಬರು ಕೇಳುತ್ತಿದ್ದರೆ ಮಾತಾಡಬಹುದು. ನಾವು ಹಿಟ್ಟಿನ ಗಿರಣಿಯನ್ನು ಗೊತ್ತುಮಾಡಿಕೊಂಡೆವು. ಗಿರಣಿಯ ಸಿದ್ರಾಮನೇ ನಮ್ಮ ಸಾಕ್ಷಿ. ಗಿರಣಿ ಓಡುತ್ತಿದ್ದರೆ ಅವನಿಗೆ ನಮ್ಮ ಮಾತು ಕೇಳಿಸುವುದಿಲ್ಲ, ಹಾಗಾಗಿ ನಾವು ಬಾಯಿ ತೆರೆದ ಕೂಡಲೇ ಗಿರಣಿ ನಿಲ್ಲಿಸುತ್ತಾನೆ. ಬುಧವಾರ ಬುಧವಾರ ಜೋಳದ ಬುಟ್ಟಿ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರು ನಮ್ಮಿಬ್ಬರಿಗೂ ಹಿಡಿಶಾಪ ಹಾಕುತ್ತಾರೆ. ಕೆಲವರು ಮಾತ್ರ ನಮ್ಮ ಸುದ್ದಿ ಕೇಳಲೆಂದೇ ಬುಧವಾರ ಬರುತ್ತಾರೆ ಎಂದು ನನ್ನ ಗುಮಾನಿ.

ಇನ್ನು ಬಂಡೆಪ್ಪನ ವಿಷಯ. ಏಳು ಅಂಗಡಿಗಳಲ್ಲಿ ದೊಡ್ಡದು ಅವನದು. ವರ್ಷ ಮುಗಿದು ಯಾರೂ ಮುಂದುವರಿಸದೆ ಬಿಟ್ಟ ಹೆಸರಿಗೆ ನಮ್ಮಲ್ಲಿ ಸೂತಕ ಬಂತು ಅನ್ನುತ್ತಾರೆ. ಆ ದಿನದಿಂದಲೇ ಕಾಲು ಆ ಮನೆಯನ್ನು ಮರೆಯುತ್ತದೆ. ಸೂತಕದಲ್ಲಿ ಆ ಹೆಸರನ್ನು ಯಾರೂ ಮುಟ್ಟುವಂತಿಲ್ಲ, ಕಳೆದುಕೊಂಡವರೂ. ಒಂಬತ್ತನೆಯ ದಿನಕ್ಕೆ ಸೂತಕ ಕಳೆದು, ಮುಂದಿನ ಗುರುವಾರ ಬೆಳಿಗ್ಗೆ ಅದು ಕಿಟಕಿಯಲ್ಲಿ ಬೀಳುತ್ತದೆ. ಅಂಗಡಿಗೊಂದು ಬಾಯಿಯಂತೆ ಎಲ್ಲರೂ ಸಾಲಾಗಿ ನಿಲ್ಲುತ್ತೇವೆ. ಸಾಲಿನ ಕ್ರಮ ಹಿಂದಿನ ದಿನವೇ ದಫ್ತರದಲ್ಲಿ ಚೀಟಿ ಎತ್ತಿ ಗುಟ್ಟಾಗಿ ಗೊತ್ತುಮಾಡಿರುತ್ತಾರೆ. ಯಾರ ಸರದಿ ಮೊದಲು ಬರುತ್ತದೋ ಅವರು ಬಿದ್ದ ಹೆಸರುಗಳಲ್ಲಿ ಬೇಕಾದ ಒಂದನ್ನು ಹೇಳಿ ಬರೆಸಬಹುದು. ಬಂಡೆಪ್ಪ ಲೆಕ್ಕ ಹಾಕಿದ: ಅಂಗಡಿಗೆ ಒಂದು ಬಾಯಿ ಅಂದಮೇಲೆ ಹೆಚ್ಚು ಅಂಗಡಿ ಇದ್ದವನಿಗೆ ಹೆಚ್ಚು ಬಾಯಿ. ಒಬ್ಬರಿಗೆ ಒಂದೇ ಅಂಗಡಿ ಎಂಬ ಕಟ್ಟಳೆ ಅಡ್ಡ ಬಂತು. ಅದಕ್ಕೆ ಅವನು ಪೇಟೆಯ ಗೋಡೆಯುದ್ದಕ್ಕೂ ನಲವತ್ತು ಹಲಗೆ ಹೊಡೆಸಿ, ಹಲಗೆಗೊಂದು ಅಂಗಡಿ ಎಂದು ನಲವತ್ತು ಬೇರೆ ಬೇರೆ ಜನರ ಹೆಸರಿನಲ್ಲಿ ಕಾಗದ ಮಾಡಿಸಿದ. ಬಳೆ ಮಾರುವವಳು, ಪಾತ್ರೆಗೆ ಕಲ್ಹಾಯಿ ಹಾಕುವವನು, ಮಿರ್ಚಿ ಬಜಿ ಕರಿಯುವ ದ್ಯಾಮಣ್ಣ, ಹೀಗೆ ಸಿಕ್ಕಿದವರೆಲ್ಲ ಕಾಗದದಲ್ಲಿ ಮಾಲೀಕರಾದರು. ಗುರುವಾರ ಬಂದು ಬಂಡೆಪ್ಪ ಹೇಳಿಕೊಟ್ಟ ಹೆಸರು ಹೇಳಿ ಹೋಗುವುದಷ್ಟೇ ಅವರ ಕೆಲಸ. ಊರಿಗೆಲ್ಲ ಗೊತ್ತಿತ್ತು. ಕಾಗದ ಸರಿ ಇದ್ದರೆ ದಫ್ತರ ಏನು ಮಾಡಲಿಕ್ಕಾಗುತ್ತದೆ?

ನನ್ನ ಗಿರಾಕಿಗಳ ಅವಧಿ ತಪ್ಪದಿರಲೆಂದು ನಾನು ಒಬ್ಬೊಬ್ಬರದೂ ಒಂದು ಚೀಟಿ ಬರೆದು ಗೋಡೆಯ ಮೊಳೆಗೆ ಸಿಕ್ಕಿಸಿರುತ್ತೇನೆ. ಹನ್ನೆರಡು ತಿಂಗಳಿಗೆ ಹನ್ನೆರಡು ಮೊಳೆ. ಒಬ್ಬಳದು ಮಾತ್ರ ಬರೆದಿರಲಿಲ್ಲ, ಸೂಲಗಿತ್ತಿ ಇಮಾಂಬಿಯದು. ಮರೆಯುವವರದು ಬರೆದಿಡಬೇಕು, ಇಮಾಂಬಿಯನ್ನು ಯಾರಾದರೂ ಮರೆಯುತ್ತಾರೆಯೇ? ನನ್ನನ್ನೂ ನನ್ನ ತಂಗಿಯನ್ನೂ ಎತ್ತಿಕೊಂಡ ಮೊದಲ ಕೈ ಅವಳದು. ಅರ್ಧ ಊರು ಅವಳ ಮನೆಯಲ್ಲೇ ಕಣ್ಣು ಬಿಟ್ಟಿದೆ. ಮೊಣಕಾಲು ಹಿಡಿದುಕೊಂಡಿದ್ದರಿಂದ ಅವಳು ಹತ್ತು ವರ್ಷದಿಂದ ಹೊಸಿಲು ದಾಟಿಲ್ಲ. ಬಸುರಿಯರೇ ಅವಳ ಮನೆಗೆ ಹೋಗುತ್ತಾರೆ. ಆ ಮನೆಯ ಹೆಸರು ಬೆಚ್ಚನ ಪಡಸಾಲಿ. ಊರಿನ ಹೆಂಗಸರ ಕಾಲಿಗೆ ಆ ಹೆಸರು ಎಷ್ಟು ರೂಢಿಯಾಗಿತ್ತೆಂದರೆ, ಸೊಂಟ ಹಿಡಿದ ಕೂಡಲೇ ಕಾಲು ಅತ್ತಲೇ ತಿರುಗುತ್ತಿತ್ತು.

ಅಂತೂ ಮರೆತೆ. ನಾನೇ ಮರೆತೆ. ಒಂದು ಮಂಗಳವಾರ ಮಡಿವಾಳರ ಸೊಸೆ ಬಾವಿಕಟ್ಟೆಯ ಮೇಲೆ ಹೆತ್ತಳು. ಅತ್ತೆ ಸೊಸೆ ಇಬ್ಬರೂ ಐದು ಸಲ ಹೊರಟು ಐದು ಸಲವೂ ಬಾವಿಕಟ್ಟೆಗೇ ಬಂದಿದ್ದರಂತೆ. ನೀರಿಗೆ ಬಂದಿದ್ದ ಹೆಂಗಸರು ಸೀರೆ ಅಡ್ಡ ಹಿಡಿದು ಹೇಗೋ ಪಾರು ಮಾಡಿದರು. ತಾಯಿ ಮಗು ಇಬ್ಬರೂ ಉಳಿದದ್ದು ನನ್ನ ಪುಣ್ಯ. ಸುದ್ದಿ ಕೇಳಿದ ಕೂಡಲೇ ಗೋಡೆಯ ಮೊಳೆಗಳ ಮುಂದೆ ನಿಂತೆ. ದಿನ ಎಣಿಸಿ ನೋಡಿದರೆ ಇಮಾಂಬಿಯ ಮನೆಗೆ ಹಿಂದಿನ ದಿನವೇ ಸೂತಕ ಬಂದಿತ್ತು. ಸೂತಕ ಕಳೆದು ಬರುವ ಗುರುವಾರ ಅಂದರೆ ಇನ್ನೂ ಒಂಬತ್ತು ದಿನ. ಕಿಟಕಿಗೆ ಓಡಿಹೋಗಿ ಕೇಳಿದೆ. ಈರಸಂಗಪ್ಪ ಪುಸ್ತಕದಿಂದ ತಲೆ ಎತ್ತದೆ, "ಸೂತಕದಾಗ ಐತ್ರಿ" ಅಂದ. ಇಪ್ಪತ್ತನಾಲ್ಕು ವರ್ಷದಿಂದ ಅವನು ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಾನೆ. ಆ ದಿನ ಅವನ ದನಿ ಸ್ವಲ್ಪ ಸಣ್ಣದಾಗಿತ್ತು. ಅವನ ಮಗಳು ಸುಮಿತ್ರಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ಅವಳಿಗೂ ದಿನ ತುಂಬಿತ್ತು.

ಊರು ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂಗಡಿಯ ಮುಂದೆ ಹಾದುಹೋಗುವವರು ಮಾತು ನಿಲ್ಲಿಸಿ ಹಾದುಹೋಗುತ್ತಿದ್ದರು. ಬಂಡೆಪ್ಪ ಮಾತ್ರ ಒಳಗೆ ಬಂದು ಕೂತ. ಪೇಟೆಯ ಮೂಲೆಯಲ್ಲಿ ಅವನು ಹೊಸ ಮಳಿಗೆ ಕಟ್ಟಿಸಿದ್ದ: ತೊಟ್ಟಿಲು, ಕುಲಾವಿ, ಬಾಣಂತಿಯರ ಅಂಟಿನುಂಡೆ, ಬಸುರಿಗೂ ಬಾಣಂತಿಗೂ ಬೇಕಾದದ್ದೆಲ್ಲ ಅಲ್ಲಿ. "ಮಳಗೀಗೆ ಹೆಸರು ಹುಡುಕಾಕತ್ತಿದ್ದೆ ದಾನವ್ವಾ. ನೀ ಪುಣ್ಯಾ ಕಟ್ಟಿಕೊಂಡಿ. ಇನ್ನ ಮ್ಯಾಲ ಬಸರಾದ ಹೆಂಗಸೂರ ಕಾಲು ತಾವಾಗೇ ನನ್ನ ಮಳಗೀಗೆ ಬರ್ತಾವ" ಅಂದ.

"ಬರೂದು ಬರ್ತಾವ. ಬಂದವರು ತೊಟ್ಟಲಾ ನೋಡಿಕೋತ ಅಲ್ಲೇ ಹಡೀಬೇಕೇನು? ಇಮಾಂಬಿ ಆಯೀನ ಎಲ್ಲಿ ಹುಡುಕಬೇಕು?" ಅಂದೆ.

"ಅಕೀಗೆ ಬ್ಯಾರೆ ಹೆಸರು ಕೊಡು. ಖಾಲಿ ಹೆಸರು ಬೇಕಾದಷ್ಟದಾವ" ಅಂದು ಎದ್ದು ಹೋದ. ಹೊಸ ಹೆಸರು ಊರಿನ ಕಾಲುಗಳಿಗೆ ರೂಢಿಯಾಗಲು ಎಷ್ಟು ವರ್ಷ ಬೇಕೆಂದು ಅವನಿಗೂ ಗೊತ್ತು. ನೋವು ಕಾಣಿಸಿಕೊಂಡ ಹೆಂಗಸಿಗೆ ಹೆಸರು ನೆನಪು ಮಾಡಿಕೊಳ್ಳುವಷ್ಟು ಪುರುಸೊತ್ತು ಎಲ್ಲಿರುತ್ತದೆ?

ಗುರುವಾರದ ಹಿಂದಿನ ದಿನ ಗಿರಣಿಗೆ ಹೋದೆ. ನಾನು ಹೋದದ್ದು ಒಂದೇ ಉದ್ದೇಶಕ್ಕೆ, ಅದನ್ನು ಮುಚ್ಚಿಡುವುದಿಲ್ಲ. ಚೀಟಿ ಎತ್ತುವುದು ಬುಧವಾರ ಮಧ್ಯಾಹ್ನ, ದಫ್ತರದ ಪಡಸಾಲೆಯಲ್ಲಿ. ಅಲ್ಲಿ ಹೂವು ಕಟ್ಟುತ್ತ ಕೂತಿರುವ ನನ್ನ ತಂಗಿಗೆ ನಾಳೆಯ ಮೊದಲ ಬಾಯಿ ಯಾರದೆಂದು ತಿಳಿದೇ ಇರುತ್ತದೆ. ಯಾರೆಂದು ಗೊತ್ತಾದರೆ ಹೋಗಿ ಅವರ ಕಾಲು ಹಿಡಿದುಕೊಳ್ಳಬಹುದು ಎಂದು ನನ್ನ ಆಸೆ. ಶಂಕ್ರವ್ವ ಜೋಳದ ಚೀಲದ ಮೇಲೆ ಕೂತಿದ್ದಳು. ಮುಖ ಬಾಡಿತ್ತು. ನಾನು ಎದುರು ಕೂತ ಕೂಡಲೇ ಸಿದ್ರಾಮ ಗಿರಣಿ ನಿಲ್ಲಿಸಿದ. ಆ ದಿನ ಸಾಲಿನಲ್ಲಿದ್ದ ಯಾರೂ ಗೊಣಗಲಿಲ್ಲ.

"ಸುಮಿ ಹ್ಯಾಂಗದಾಳ?" ಅಂದೆ.

"ಕಾಲು ಬಾತಾವ. ಇವತ್ತೋ ನಾಳೆಯೋ ಅನ್ನೂಹಂಗ ಅದಾಳ."

ನಾನು ಬಾಯಿ ತೆರೆದೆ. ಅವಳು ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ಕೇಳಬ್ಯಾಡ. ನೀ ಕೇಳಿದ್ರ ನಾ ಹೇಳಿಬಿಡ್ತೀನಿ."

ನಾನು ಕೇಳಲಿಲ್ಲ. ಕೇಳಿದ್ದರೆ ಅವಳ ಗಂಡ ಪುಸ್ತಕ ಕಳೆದುಕೊಳ್ಳುತ್ತಿದ್ದ, ನಾನು ಅಂಗಡಿ ಕಳೆದುಕೊಳ್ಳುತ್ತಿದ್ದೆ. ಅದಕ್ಕೆ ನಾನು ಹೆದರಲಿಲ್ಲ. ಹೇಳಿಬಿಡುತ್ತೀನಿ ಅಂದಳಲ್ಲ, ಆ ಮಾತು ನನ್ನ ಬಾಯಿ ಕಟ್ಟಿತು. ತಂಗಿಯ ಮೇಲೆ ನನಗೆ ಅಷ್ಟೊಂದು ಪ್ರೀತಿ ಉಕ್ಕಿದ್ದು ಚಿಕ್ಕಂದಿನಲ್ಲಿ ಅವಳಿಗೆ ಸಿಡುಬು ಆಗಿ ಉಳಿದುಕೊಂಡಾಗ, ಅದು ಬಿಟ್ಟರೆ ಆ ದಿನ. ಸಿದ್ರಾಮ ಆ ಕಡೆ ತಿರುಗಿ ಕಣ್ಣೊರೆಸಿಕೊಂಡ, ಕೇಳಿದರೆ ಹಿಟ್ಟು ಬಿತ್ತು ಅಂದ.

ಸಂಜೆಯ ಹೊತ್ತಿಗೆ ದ್ಯಾಮಣ್ಣನ ಬಜಿ ಗಾಡಿಯ ಹತ್ತಿರ ಹೋದೆ. ಬುಧವಾರ ಸಂಜೆ ಹಲಗೆ ಅಂಗಡಿಗಳ ಕಾಗದದ ಮಾಲೀಕರೆಲ್ಲ ಅಲ್ಲಿ ಸೇರುತ್ತಾರೆ, ನಾಳೆ ಏನು ಹೇಳಬೇಕೆಂದು ಬಂಡೆಪ್ಪ ಅಲ್ಲಿಗೇ ಹೇಳಿ ಕಳಿಸುತ್ತಾನೆ. ಇಪ್ಪತ್ತು ಇಪ್ಪತ್ತೈದು ಜನ ಇದ್ದರು. ನಾನು ಯಾರ ಮುಖವನ್ನೂ ನೋಡದೆ, "ತಪ್ಪು ನಂದು. ನಾ ಮರ್ತೆ. ನಿಮ್ಮೊಳಗ ಯಾರರ ಒಬ್ಬರು ನಾಳೆ ಆಯೀ ಹೆಸರು ಆಯೀಗೆ ಬರಸ್ರಪಾ" ಅಂದೆ. ದ್ಯಾಮಣ್ಣ ದೊಡ್ಡ ಆಳು, ಮಾತು ಕಡಿಮೆ, ಬಾಣಲೆಯಲ್ಲಿ ಮೆಣಸಿನಕಾಯಿ ಬಿಡುತ್ತಿದ್ದ. ಅವನೇ ಕೊನೆಗೆ, "ನಮ್ಮದೇನೈತಬೇ? ನಮ್ಮದು ಹೇಳಿದ್ದು ಹೇಳೂ ಬಾಯಿ" ಅಂದ. ಎರಡು ಬಜಿ ಕಟ್ಟಿ ಕೊಟ್ಟ. ಮನೆಗೆ ತಂದೆ, ತಿನ್ನಲಾಗಲಿಲ್ಲ.

ಗುರುವಾರ ಬೆಳಿಗ್ಗೆ ದಫ್ತರದ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಲವತ್ತೇಳು ಬಾಯಿಗಳು, ಅವುಗಳ ಹಿಂದೆ ಇಡೀ ಊರು. ಗೇಟಿನ ಹತ್ತಿರ ಒಂದು ಟಾಂಗಾ ನಿಂತಿತ್ತು, ಅದರಲ್ಲಿ ಶಂಕ್ರವ್ವ ಮಗಳನ್ನು ಎದೆಗೆ ಒರಗಿಸಿಕೊಂಡು ಕೂತಿದ್ದಳು. ಬೆಳಗಿನ ಜಾವದಿಂದಲೇ ಸುಮಿತ್ರಾಗೆ ನೋವು ಶುರುವಾಗಿತ್ತು. ಮನೆಯಲ್ಲಿ ಕೂತು ಮಾಡುವುದೇನು, ಹೆಸರು ಸಿಕ್ಕ ಕೂಡಲೇ ಹೊರಡೋಣ ಎಂದು ಬಂದಿದ್ದರು. ಹುಡುಗಿ ತುಟಿ ಕಚ್ಚಿದರೂ ನರಳುವುದು ಅಂಗಳಕ್ಕೆಲ್ಲ ಕೇಳುತ್ತಿತ್ತು. ಕಿಟಕಿಯೊಳಗೆ ಈರಸಂಗಪ್ಪನಿಗೂ ಕೇಳುತ್ತಿತ್ತು. ಅವನು ಕನ್ನಡಕ ಒರೆಸಿಕೊಂಡ, ಪುಸ್ತಕ ತೆರೆದ, ಬಿದ್ದ ಹೆಸರುಗಳನ್ನು ಎಂದಿನ ಹಾಗೆಯೇ ಒಂದೊಂದಾಗಿ ಓದಿದ. ಆರನೆಯದು ಬೆಚ್ಚನ ಪಡಸಾಲಿ. ಅದನ್ನು ಓದುವಾಗಲೂ ನಿಲ್ಲಲಿಲ್ಲ, ಅವಸರ ಮಾಡಲಿಲ್ಲ. ಆಮೇಲೆ ಚೀಟಿಯ ಸುರುಳಿ ಬಿಚ್ಚಿ ಕರೆದ: "ಮೊದಲನೇ ಬಾಯಿ, ಹಲಗಿ ಅಂಗಡಿ ಹನ್ನೊಂದು, ದ್ಯಾಮಣ್ಣ."

ಬಂಡೆಪ್ಪ ಮೀಸೆ ಸವರಿಕೊಂಡ. ದ್ಯಾಮಣ್ಣ ಹೆಗಲ ಮೇಲಿನ ವಸ್ತ್ರದಿಂದ ಕೈ ಒರೆಸಿಕೊಳ್ಳುತ್ತ ಕಿಟಕಿಯ ಮುಂದೆ ಹೋದ. ಅಲ್ಲಿ ಕೇಳುವ ಪ್ರಶ್ನೆ ಮೂರು, ಪ್ರತಿ ವಾರ ಪ್ರತಿ ಬಾಯಿಗೂ ಅವೇ ಮೂರು. ಉತ್ತರ ಯಾರಿಗೂ ಬೇಕಾಗಿರುವುದಿಲ್ಲ, ಕೇಳುವವನಿಗೂ.

"ಅಂಗಡಿ ಯಾರದು?" ಅಂದ ಈರಸಂಗಪ್ಪ.

ದ್ಯಾಮಣ್ಣ ಈ ಪ್ರಶ್ನೆಗೆ ಎರಡು ವರ್ಷದಿಂದ ನಂದರಿ, ನಂದರಿ ಎಂದು ಹೇಳುತ್ತ ಬಂದಿದ್ದಾನೆ. ಆ ದಿನ ಹೇಳಲಿಲ್ಲ. ಟಾಂಗಾದ ಕಡೆ ಒಮ್ಮೆ ನೋಡಿದ. "ಸಾಹೇಬ್ರ, ಒಂದ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾ ನಂದು ಅಂದ್ರ ಅದು ನಂದ ಆಗತೈತೇನ್ರಿ?"

ಅಂಗಳದಲ್ಲಿ ಯಾರೋ ನಕ್ಕರು. ಈರಸಂಗಪ್ಪ ನಗಲಿಲ್ಲ. ಎದ್ದು ಹೋಗಿ ಕಪಾಟಿನಿಂದ ಅಂಗಡಿಗಳ ಕಾಗದದ ಕಟ್ಟು ತಂದು, ಹನ್ನೊಂದನೆಯದನ್ನು ಹುಡುಕಿ ತೆಗೆದು ಓದಿದ. ಅಷ್ಟರಲ್ಲಿ ಸುಮಿತ್ರಾ ಎರಡು ಸಲ ನರಳಿದಳು. "ಕಾಗದದಾಗ ನಿಮ್ಮ ಹೆಸರೈತಿ. ಬ್ಯಾರೆ ಯಾರ ಹೆಸರೂ ಇಲ್ಲ. ನೀವು ನಿಮ್ಮದು ಅಂದ್ರ ನಿಮ್ಮದರಿ" ಅಂದ.

"ಹಂಗಾರ ನಂದರಿ."

"ಯಾವ ಹೆಸರು?"

"ಬೆಚ್ಚನ ಪಡಸಾಲಿ."

"ಯಾರಿಗೆ?"

"ಇಮಾಂಬಿ ಆಯೀಗೆ ಬರೀರಿ."

ಬಂಡೆಪ್ಪ ಜನರನ್ನು ತಳ್ಳಿಕೊಂಡು ಮುಂದೆ ಬಂದ. ಮುಖ ಕೆಂಪಾಗಿತ್ತು. "ಏ ದ್ಯಾಮ್ಯಾ, ಯಾರ ಅಂಗಡ್ಯಾಗ ನಿಂತು ಯಾರ ಹೆಸರು ಬರಸಾಕತ್ತೀಯೋ? ಸಾಹೇಬ್ರ, ಬರೀಬ್ಯಾಡ್ರಿ. ಆ ಅಂಗಡಿ..."

ಅಲ್ಲಿಗೆ ಅವನ ಮಾತು ನಿಂತಿತು. ಈರಸಂಗಪ್ಪ ಲೇಖನಿಯನ್ನು ದೌತಿಯಲ್ಲಿ ಅದ್ದಿ ಎತ್ತಿದವನು ಹಾಗೇ ಹಿಡಿದುಕೊಂಡು ಕಾದ. "ಹೇಳ್ರಿ ಬಂಡೆಪ್ಪನವರ. ಆ ಅಂಗಡಿ ಯಾರದು?"

ನಂದು ಅಂದರೆ ಅವನಿಗೆ ಎರಡು ಅಂಗಡಿಯಾಯಿತು. ಹನ್ನೊಂದು ಅವನದಾದರೆ ಉಳಿದ ಮೂವತ್ತೊಂಬತ್ತರ ಕಾಗದವೂ ಮೇಜಿನ ಮೇಲೆ ಬರುತ್ತದೆ, ದೊಡ್ಡ ಅಂಗಡಿಯ ಬಾಗಿಲಿಗೂ ದಫ್ತರದ ಬೀಗ ಬೀಳುತ್ತದೆ. ನೂರಾರು ಜನ ಅವನ ಬಾಯನ್ನೇ ನೋಡುತ್ತಿದ್ದರು. ಬಳೆಗಾರ್ತಿ, ಕಲ್ಹಾಯಿಯವನು ಸೇರಿ ಉಳಿದ ಮೂವತ್ತೊಂಬತ್ತು ಮಾಲೀಕರು ಎಲ್ಲರಿಗಿಂತ ಹತ್ತಿರದಿಂದ ನೋಡುತ್ತಿದ್ದರು. ಬಂಡೆಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ಅವನದ ಐತ್ರಿ" ಅಂದ.

ಈರಸಂಗಪ್ಪ ಬರೆದ. ಮಸಿ ಆರುವವರೆಗೂ ಕಾಯಬೇಕು, ಆರಿದ ಮೇಲೆಯೇ ಕಾಲಿಗೆ ತಿಳಿಯುವುದು. ಮಸಿ ಆರಿತು. ಆಮೇಲೆ ಟಾಂಗಾದ ಕುದುರೆ ಯಾರೂ ಹೇಳದೆಯೇ ಕಿವಿ ನಿಮಿರಿಸಿ ಬಲಕ್ಕೆ ತಿರುಗಿತು. ನನ್ನ ಕಾಲೂ ತಿರುಗಿತು. ನಾನು ಓಡಿದೆ. ಐವತ್ತೆರಡು ವರ್ಷದ ಹೆಂಗಸು ಸೆರಗು ಸಿಕ್ಕಿಸಿಕೊಂಡು ಪೇಟೆಯಲ್ಲಿ ಓಡುವುದನ್ನು ಆ ದಿನ ಊರು ನೋಡಿತು.

ಇಮಾಂಬಿ ಬಾಗಿಲ ಹತ್ತಿರ ಮಣೆಯ ಮೇಲೆ ಕೂತು ಕಟಕ ರೊಟ್ಟಿಯನ್ನು ಶೇಂಗಾ ಚಟ್ನಿಯಲ್ಲಿ ಅದ್ದಿ ತಿನ್ನುತ್ತಿದ್ದಳು. ನನ್ನನ್ನು ಕಂಡು, "ಬಾರವಾ. ಎಷ್ಟ ದಿವಸಾತು ಮನಷಾರ ಮಕಾ ನೋಡಿ. ಊರಾಗ ಹಡಿಯೂದ ನಿಂತತೇನು?" ಅಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನಾನು ಏದುಸಿರು ಬಿಡುತ್ತ ಅವಳ ಮುಂದೆ ಕೂತು ಎಲ್ಲ ಹೇಳಿದೆ: ಚೀಟಿ ಬರೆಯದೆ ಇದ್ದದ್ದು, ಮರೆತದ್ದು, ಬಾವಿಕಟ್ಟೆ, ದ್ಯಾಮಣ್ಣ. ಅವಳು ರೊಟ್ಟಿ ಅಗಿಯುವುದು ನಿಲ್ಲಿಸಿದಳು. ಅಷ್ಟರಲ್ಲಿ ಟಾಂಗಾ ಬಂತು, ಶಂಕ್ರವ್ವ ಮಗಳನ್ನು ಹಿಡಿದುಕೊಂಡು ಒಳಗೆ ಬಂದಳು. ಇಮಾಂಬಿ ಗೋಡೆ ಹಿಡಿದು ಎದ್ದು, "ಅದನ್ನ ಆಮ್ಯಾಲ ಮಾತಾಡೂಣು. ನೀ ನೀರ ಕಾಸು. ನೀ ಅಕೀ ಸೊಂಟಾ ಹಿಡಿ" ಎಂದು ನಮ್ಮಿಬ್ಬರಿಗೂ ಕೆಲಸ ಹಂಚಿದಳು.

ಇಪ್ಪತ್ತನಾಲ್ಕು ವರ್ಷದ ಮೇಲೆ ನಾನೂ ನನ್ನ ತಂಗಿಯೂ ಒಂದೇ ಸೂರಿನಡಿ ಕೆಲಸ ಮಾಡಿದೆವು. ನಾನು ಒಲೆ ಊದಿದೆ, ಅವಳು ಬಟ್ಟೆ ಹರಿದಳು. ನೀರು ಬಿಸಿ ಆಯಿತೇ, ಇನ್ನಷ್ಟು ಬೇಕೇ, ಹಾಯ್ ಕೈ ಸುಟ್ಟಿತು; ಅಷ್ಟೇ ನಮ್ಮ ಮಾತು. ಅದನ್ನು ಕೇಳಲು ಮೂರನೆಯವಳಾಗಿ ಇಮಾಂಬಿ ಇದ್ದೇ ಇದ್ದಳು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಸುಮಿತ್ರಾ ಶಂಕ್ರವ್ವನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರಿಂದ ಇಮಾಂಬಿ ಮಗುವನ್ನು ಒರೆಸಿ ನನ್ನ ಕೈಗೆ ಕೊಟ್ಟಳು.

ಅವಳು ಕೈ ತೊಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ಮೊಣಕಾಲು ನೀವುತ್ತ ಕೂತಳು. "ದಾನವ್ವಾ, ಮುಂದಿನ ವರ್ಷದಿಂದ ನನ್ನ ಹೆಸರಿಂದು ದ್ಯಾಮಣ್ಣ ನೋಡಿಕೋತಾನ. ಅಂವನ ಅಂಗಡಿ ಹೊಸಾದು, ಒಂದರ ಗಿರಾಕಿ ಬೇಕಲ್ಲ. ನೀ ಬೇಜಾರ ಮಾಡಿಕೋಬ್ಯಾಡ" ಅಂದಳು.

ಆಗಲಿ ಆಯಿ ಅಂದೆ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಅಪ್ಪನ ಕಾಲದಿಂದ ನಮ್ಮ ಅಂಗಡಿಯಲ್ಲಿದ್ದ ಹೆಸರು ಅದು. ಮಗು ಕೈಯಲ್ಲಿತ್ತು, ಹಾಗಾಗಿ ಅಳಲಿಲ್ಲ.